ಹಣಮವ್ವನ ಎರಡನೇ ಪಾಳಿ

ಜನವರಿಯ ಮೊದಲ ಭಾನುವಾರ ರೊಟ್ಟಿಯ ತಟ್ಟೆ ಹಣಮವ್ವನ ಮುಂದೆ ಬಂತು, ಆದರೆ ನಿಲ್ಲಲಿಲ್ಲ. ಎಡಗಡೆ ಕೂತಿದ್ದ ಗೆಳತಿ ಮುದಕವ್ವ ಒಂದು ಚೂರು ತೆಗೆದುಕೊಂಡರು. ಬಲಗಡೆ ಕೂತಿದ್ದ ಹೆಂಗಸು ಒಂದು ಚೂರು ತೆಗೆದುಕೊಂಡರು. ನಡುವೆ ಚಾಚಿದ್ದ ಕೈ ಖಾಲಿ ಉಳಿಯಿತು. ತಟ್ಟೆ ಹಿಡಿದಿದ್ದ ಪಾಸ್ಟರ್ ಸ್ತೇಫನ ಶೆಟ್ಟೆಪ್ಪ ಅವರ ಕಣ್ಣು ಎದುರಿನ ಗೋಡೆಯ ಮೇಲಿತ್ತು.

ಮೂಡಲಗಿಯಿಂದ ಆರು ಕಿಲೋಮೀಟರ್ ದೂರದ ಹಳ್ಳಿ ಅದು. ತಗಡಿನ ಒಂದು ಪ್ರಾರ್ಥನಾ ಮನೆ, ನಲವತ್ತು ಕುಟುಂಬ. ಹೆಚ್ಚಿನವರು ಕಬ್ಬು ಕಡಿಯುವವರು, ಇಲ್ಲವೇ ಕುರಿ ಮಾರಿ ಹೊಲಕ್ಕೆ ಇಳಿದವರು. ತಿಂಗಳ ಮೊದಲ ಭಾನುವಾರ ಅಲ್ಲಿ ಪ್ರಭುವಿನ ಭೋಜನ ನಡೆಯುತ್ತದೆ. ಸಾಯುವ ಮುನ್ನ ಯೇಸು ಶಿಷ್ಯರೊಂದಿಗೆ ಮುರಿದ ರೊಟ್ಟಿಯ ನೆನಪಿಗೆ ಎಲ್ಲರಿಗೂ ಒಂದೊಂದು ಚೂರು. ಹನ್ನೊಂದು ವರ್ಷಗಳಲ್ಲಿ ಹಣಮವ್ವ ಅದನ್ನು ಒಮ್ಮೆಯೂ ತಪ್ಪಿಸಿಕೊಂಡಿರಲಿಲ್ಲ. ಶನಿವಾರ ಸಂಜೆ ಆ ರೊಟ್ಟಿ ಬಡಿಯುತ್ತಿದ್ದವರೂ ಅವರೇ. ಜನವರಿಯದನ್ನೂ ಅವರೇ ಬಡಿದಿದ್ದರು.

"ನಾ ಬಡದ ರೊಟ್ಟಿ, ನನ್ನ ಮುಂದಿಂದ ಹಾದ ಹೋತ್ರಿ," ಎನ್ನುವಾಗ ಅವರ ದನಿ ಏರುವುದಿಲ್ಲ, ಇಳಿಯುತ್ತದೆ. ಐವತ್ತೆಂಟು ವರ್ಷದ ಈ ಹೆಂಗಸನ್ನು ಹತ್ತಿರದಿಂದ ಬಲ್ಲವರು ಹೇಳುವುದೂ ಅದನ್ನೇ: ಹಣಮವ್ವ ಚೀರಿದರೆ ಹೆದರಬೇಕಿಲ್ಲ, ದನಿ ಇಳಿಸಿದರೆ ದೂರ ಸರಿಯಬೇಕು.

ಅವರ ಮೇಲಿದ್ದ ದೂರು ಒಂದೇ ಸಾಲಿನದು. ಡಿಸೆಂಬರ್ ಇಪ್ಪತ್ತಾರರಂದು, ಪ್ರಾರ್ಥನಾ ಮನೆಯ ಅಂಗಳದಲ್ಲಿ, ಮೂರು ಊರಿನ ಸಭೆಯವರೆಲ್ಲ ಸೇರಿದ್ದಾಗ, ಯೇಸು ತಾನು ದೇವರೆಂದು ಎಲ್ಲಿಯೂ ಹೇಳಿಲ್ಲವೆಂದು ಅವರು ಪಾಸ್ಟರ್ ಜೊತೆ ವಾದ ಮಾಡಿದರು. ಮಾಡಿ ಗೆದ್ದರು.

ಅಲ್ಲಿ ಹಾಗೆ ವಾದ ಮಾಡಲು ಅವರನ್ನು ಕರೆದವರು ಪಾಸ್ಟರೇ.

ಹಣಮವ್ವ ಹುಟ್ಟಿದ್ದು ಕುರುಬರ ಮನೆಯಲ್ಲಿ. ನಾಲ್ಕನೇ ಇಯತ್ತೆಗೆ ಶಾಲೆ ಮುಗಿಯಿತು. ಹದಿನಾಲ್ಕಕ್ಕೆ ಚಿಕ್ಕಮ್ಮನ ಗೀಗೀ ಮೇಳದಲ್ಲಿ ತಾಳ ಹಿಡಿದರು, ಇಪ್ಪತ್ತಕ್ಕೆ ಮೇಳದ ಮುಂದಾಳಾದರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹರದೇಶಿ–ನಾಗೇಶಿ ಎಂದರೆ ಹಾಡಿನಲ್ಲಿ ನಡೆಯುವ ವಾದ. ಒಂದು ಕಡೆ ಗಂಡಸರ ಮೇಳ, ಎದುರಿಗೆ ಹೆಂಗಸರ ಮೇಳ. ಶಿವ ಹೆಚ್ಚೋ ಶಕ್ತಿ ಹೆಚ್ಚೋ, ಬೀಜ ಮೊದಲೋ ಭೂಮಿ ಮೊದಲೋ ಎಂದು ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಹಣಮವ್ವ ಹೆಂಗಸರ ಕಡೆ, ಅಂದರೆ ನಾಗೇಶಿ. ಗಂಡ ಮಾಳು ದಪ್ಪು ಬಾರಿಸುತ್ತಿದ್ದರು. ಮುದಕವ್ವ ಹಿಮ್ಮೇಳಕ್ಕೆ ನಿಲ್ಲುತ್ತಿದ್ದರು. ಎದುರು ಮೇಳದಲ್ಲಿ ಇಪ್ಪತ್ತೆರಡು ವರ್ಷ ಇದ್ದವರು ಹುಕ್ಕೇರಿ ತಾಲ್ಲೂಕಿನ ಕಣಗಲಾ ಕಡೆಯ ಕುರಿಗಾರ ಶಿದ್ರಾಮ.

ಈ ಎರಡು ಮೇಳಗಳ ನಡುವೆ ಕೆಲವು ಕಟ್ಟಳೆಗಳಿದ್ದವು. ಸಡಿಲ ಸವಾಲು ಹಾಕಬಾರದು. ಹಾಕಿದರೆ ಎದುರಿನವನಿಗೆ ಅವಮಾನ. ಸವಾಲು ಹಾಕಿದವರು ಆ ಪಾಳಿಯಲ್ಲಿ ತಾವೇ ಅದರ ಜವಾಬು ಹಾಡಬಾರದು. ಆದರೆ ಎದುರಿನವರ ಜವಾಬು ತಪ್ಪಿದರೆ ಅಲ್ಲೇ ಕೈ ಎತ್ತಿ ತಡೆಯಬೇಕು. ತಡೆಯದೆ ಸುಮ್ಮನಿದ್ದರೆ ಜವಾಬು ನಿಂತಿತು ಎಂದು ಲೆಕ್ಕ. ಊಟವಾದ ಮೇಲೆ ಪಾಳಿ ತಿರುಗುತ್ತದೆ. ಅಲ್ಲಿಯವರೆಗೆ ಶಕ್ತಿಯ ಕಡೆ ನಿಂತವರು ಶಿವನ ಕಡೆ ನಿಲ್ಲಬೇಕು, ಶಿವನ ಕಡೆಯವರು ಶಕ್ತಿಯ ಕಡೆ. ತಾನು ಹಾಕಿದ್ದ ಸವಾಲನ್ನೇ ಈಗ ಎದುರಿನವನ ಬಾಯಿಂದ ಕೇಳಿಸಿಕೊಂಡು ಜವಾಬು ಕೊಡಬೇಕು. ಎರಡೂ ಪಾಳಿ ಹಾಡಲು ಬಾರದವರನ್ನು ಈ ಕಡೆ ಹಾಡುಗಾರರೆಂದು ಯಾರೂ ಕರೆಯುವುದಿಲ್ಲ.

ಹನ್ನೆರಡು ವರ್ಷಗಳ ಹಿಂದೆ ಮಾಳು ತೀರಿಕೊಂಡರು. ಮೇಳ ಒಡೆಯಿತು. ಹಾಡಿ ಬದುಕಿದ ಹೆಂಗಸಿಗೆ ಊರಿನಲ್ಲಿ ಸಿಗುವ ನೋಟ ಎಂಥದೆಂದು ಹಣಮವ್ವ ವಿವರಿಸುವುದಿಲ್ಲ. "ಕಟ್ಟಿ ಮ್ಯಾಲ ಇದ್ದಾಗ ತಾಯಿ ಅಂತಾರ, ಕೆಳಗ ಇಳದ ಮ್ಯಾಲ ಬ್ಯಾರೆ ಹೆಸರಿಂದ ಕರೀತಾರ," ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಮುದಕವ್ವ ಒಮ್ಮೆ ಅವರನ್ನು ಪ್ರಾರ್ಥನಾ ಮನೆಗೆ ಕರೆದುಕೊಂಡು ಹೋದರು. ಆಗಿನ ಮುದುಕ ಪಾಸ್ಟರ್ ದುಂಡಪ್ಪ ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟು, "ಕುಂಡ್ರವಾ, ಅಕ್ಕಾ," ಎಂದರು. ಅಲ್ಲಿಗೆ ಹೋಗಲು ಶುರು ಮಾಡಿದ್ದು ಆ ಕುರ್ಚಿಗಾಗಿ. ಉಳಿದದ್ದು ಬೇರೆ ಕಾರಣಕ್ಕೆ.

ದುಂಡಪ್ಪ ಕಥೆ ಓದುತ್ತಿದ್ದರು, ಹಣಮವ್ವ ಕೇಳುತ್ತಿದ್ದರು. ಕಲ್ಲು ಹಿಡಿದು ಬಂದವರು ಹೆಂಗಸೊಬ್ಬಳನ್ನು ನಡುವೆ ನಿಲ್ಲಿಸಿ, ಇವಳಿಗೆ ಏನು ಮಾಡೋಣ ಎಂದು ಯೇಸುವನ್ನು ಸಿಕ್ಕಿಸಲು ನೋಡುತ್ತಾರೆ. ಅವನು ನೆಲದ ಮೇಲೆ ಬೆರಳಿಂದ ಏನೋ ಬರೆಯುತ್ತಾನೆ. ಪಾಪ ಮಾಡದವನು ಮೊದಲ ಕಲ್ಲು ಹಾಕಲಿ ಎನ್ನುತ್ತಾನೆ. ಕಂದಾಯ ಕೊಡಬೇಕೋ ಬೇಡವೋ ಎಂದು ಕೇಳಿದರೆ, ನಾಣ್ಯ ತೋರಿಸಿ, ಇದರ ಮೇಲೆ ಯಾರ ಮುಖ ಇದೆ ಎಂದು ತಿರುಗಿ ಕೇಳುತ್ತಾನೆ.

"ಕೇಳಕೋತ ಕುಂತಿದ್ದೆ. ಎದ್ಯಾಗ ಜುಮ್ ಅಂತು," ಎನ್ನುತ್ತಾರೆ ಹಣಮವ್ವ. "ಇಂಥಾ ಎದುರಾಳಿ ನನಗ ಮೂವತ್ತ ವರ್ಷದಾಗ ಒಬ್ಬಾಂವ ಸಿಗಲಿಲ್ಲ. ಶಿದ್ರಾಮಗ ಈ ಮಾತ ಹೇಳಬ್ಯಾಡ್ರಿ."

ನಲವತ್ತೇಳನೇ ವಯಸ್ಸಿನಲ್ಲಿ ದೀಕ್ಷಾಸ್ನಾನವಾಯಿತು. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಅವರು ಯೇಸುವಿನ ಕಥೆ ಹೇಳುವ ನಾಲ್ಕೂ ಸುವಾರ್ತೆಗಳನ್ನು ಬಾಯಿಪಾಠ ಮಾಡಿಕೊಂಡರು. ಸಭೆಯ ಹಾಡುಗಳನ್ನು ಅವರೇ ಕಟ್ಟಿದರು, ಅವರೇ ಹೇಳಿಕೊಟ್ಟರು. ದುಂಡಪ್ಪ ತೀರಿಕೊಂಡ ಮೇಲೆ ಬಂದವರು ಸ್ತೇಫನ ಶೆಟ್ಟೆಪ್ಪ. ಮೂವತ್ತೆರಡು ವರ್ಷ, ಎರಡು ವರ್ಷದ ಬೈಬಲ್ ತರಬೇತಿ, ಒಳ್ಳೆಯ ಮಾತುಗಾರ.

ಕಳೆದ ವರ್ಷ ದೀಪಾವಳಿಯ ನಂತರ ಸಭೆಯ ಯುವಕರಿಗೆ ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ ಎದುರಾಗತೊಡಗಿತು. ನಿಮ್ಮ ಯೇಸು ತಾನು ದೇವರು ಅಂತ ತನ್ನ ಬಾಯಿಂದ ಎಲ್ಲಿ ಹೇಳಿದ್ದಾನೆ, ತೋರಿಸಿ. ಯುವಕರು ತಡವರಿಸಿದರು. ಕ್ರಿಸ್‌ಮಸ್ ಕೂಟದಲ್ಲಿ ಇದರ ಬಗ್ಗೆಯೇ ವಾದ ಇಟ್ಟು ಎಲ್ಲರಿಗೂ ಉತ್ತರ ಕಲಿಸಬೇಕೆಂದು ಪಾಸ್ಟರ್ ನಿರ್ಧರಿಸಿದರು. ಎದುರು ನಿಂತು ಪ್ರಶ್ನೆ ಹಾಕುವವರು ಬೇಕಲ್ಲ. ಹಣಮವ್ವನ ಮನೆಗೆ ಬಂದರು.

"ನೀವು ಎದುರು ಪಾರ್ಟಿ ಆಗ್ರಿ ಅಕ್ಕಾ. ನಿಮಗ ರೂಢಿ ಐತಿ."

"ಪೂರಾ ಹಾಡಿಕಿ ಹಂಗ ಮಾಡೂದೇನ್ರಿ?"

"ಹೂಂ, ಪೂರಾ."

ಈ ಮೂರು ಮಾತುಗಳಲ್ಲಿ ಇಬ್ಬರೂ ಮೋಸ ಹೋದರು. ಪಾಸ್ಟರ್ ತಲೆಯಲ್ಲಿದ್ದದ್ದು ನಾಟಕ: ಅಕ್ಕ ನಾಲ್ಕು ಸುಲಭದ ಪ್ರಶ್ನೆ ಕೇಳುವುದು, ತಾವು ಉತ್ತರಿಸುವುದು, ಚಪ್ಪಾಳೆ. ಹಣಮವ್ವನ ತಲೆಯಲ್ಲಿದ್ದದ್ದು ಎರಡು ಪಾಳಿಯ ಕೂಟ. ಮೊದಲ ಪಾಳಿಯಲ್ಲಿ ತಾವು ಅಲ್ಲಗಳೆಯುವುದು, ಊಟವಾದ ಮೇಲೆ ಅದೇ ಸವಾಲನ್ನು ಪಾಸ್ಟರ್ ಹಾಕುವುದು, ತಾವು ಜವಾಬು ಹಾಡುವುದು. ಮೂರು ವಾರ ಅವರು ತಯಾರಿ ಮಾಡಿದ್ದು ಎರಡನೇ ಪಾಳಿಯ ಜವಾಬಿಗೆ. ಸವಾಲಿಗೆ ಎರಡು ದಿನ ಸಾಕಾಗಿತ್ತು.

ಅಂದು ಮಧ್ಯಾಹ್ನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹಣಮವ್ವ ಹಳೆಯ ದಪ್ಪನ್ನು ಮುದಕವ್ವನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ ನಿಂತರು.

ಮೊದಲ ಸವಾಲು: ಒಬ್ಬ ಶ್ರೀಮಂತ ಬಂದು ಒಳ್ಳೆಯ ಗುರುವೇ ಎಂದು ಕರೆದಾಗ ಯೇಸು ಏನೆಂದ? ನನ್ನನ್ನು ಒಳ್ಳೆಯವನೆಂದು ಯಾಕೆ ಹೇಳುತ್ತೀ, ದೇವರೊಬ್ಬನೇ ಒಳ್ಳೆಯವನು ಎಂದ. "ದೇವರ ಆಗಿದ್ರ, ಹೌದಪಾ ನಾನ ಒಳ್ಳ್ಯಾಂವ ಅಂತಿದ್ದಿಲ್ಲೇನು?"

ಅದು ಆ ಶ್ರೀಮಂತನನ್ನು ಪರೀಕ್ಷಿಸಲು ಹೇಳಿದ್ದು ಎಂದರು ಪಾಸ್ಟರ್. ಜನ ತಲೆಯಾಡಿಸಿದರು.

ಎರಡನೆಯದು: ತಂದೆಯು ನನಗಿಂತ ದೊಡ್ಡವನು ಎಂದ. ಕೊನೆಯ ದಿನ ಯಾವುದೆಂದು ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎಂದ. "ದೇವರಿಗಿಂತ ದೊಡ್ಡಾಂವ ಇನ್ನೊಬ್ಬ ಇರತಾನೇನ್ರಿ? ದೇವರಿಗೆ ಗೊತ್ತಿಲ್ಲದ ದಿನ ಯಾವುದ್ರಿ?"

ಮನುಷ್ಯನಾಗಿ ಬಂದಿದ್ದರಿಂದ ಹಾಗೆ ಹೇಳಿದ ಎಂದರು ಪಾಸ್ಟರ್. ಬೆವರು ಒರೆಸಿಕೊಂಡು, ತಮ್ಮ ದೊಡ್ಡ ಅಸ್ತ್ರ ತೆಗೆದರು: "ನಾನೂ ತಂದೆಯೂ ಒಂದಾಗಿದ್ದೇವೆ ಅಂತ ಅವರೇ ಹೇಳ್ಯಾರಲ್ಲಾ, ಯೋಹಾನನ ಸುವಾರ್ತೆ ಹತ್ತನೇ ಅಧ್ಯಾಯದಾಗ."

ಹಣಮವ್ವ ಕಾಯುತ್ತಿದ್ದದ್ದು ಅದಕ್ಕೇ. "ಅಲ್ಲೇ ನಿಲ್ಲಬ್ಯಾಡ್ರಿ, ನಾಕ ಸಾಲ ಕೆಳಗ ಓದ್ರಿ. ಮಂದಿ ಕಲ್ಲ ತಗೊಂಡ್ರು. ನೀ ಮನುಷ್ಯಾ ಇದ್ದು ದೇವರ ಅಂತಿ ಅಂತ ಬಡಿಯಾಕ ಬಂದ್ರು. ಆವಾಗ ಏನಂದಾ? ನಿಮ್ಮ ಶಾಸ್ತ್ರದಾಗ ಮನಷ್ಯಾರಿಗೇ ದೇವರುಗಳು ಅಂತ ಬರದೈತಿ, ನಾ ದೇವರ ಮಗಾ ಅಂದ್ರ ಸಿಟ್ಟ್ಯಾಕ ಅಂದಾ. ಹೌದು ನಾ ದೇವರ, ಹೊಡೀರಿ ಅನ್ನಲಿಲ್ಲ. ಹೇಳೂ ಹೊತ್ತ ಅದ ಆಗಿತ್ತಲ್ಲಾ?"

ಯೆಹೂದ್ಯರ ಮೂಲಪುರುಷ ಅಬ್ರಹಾಮ ಹುಟ್ಟುವ ಮುಂಚೆಯೇ ನಾನಿದ್ದೇನೆ ಎಂದು ಯೇಸು ಹೇಳಿದ್ದನ್ನು ಪಾಸ್ಟರ್ ತೆಗೆದರು. "ಮುಂಚೆ ಇದ್ದೆ ಅಂದಾನ್ರಿ. ದೇವದೂತರೂ ಮುಂಚೆ ಇದ್ರು," ಎಂದರು ಹಣಮವ್ವ. ಮುದಕವ್ವ ದಪ್ಪಿಗೆ ಒಂದು ಪೆಟ್ಟು ಹಾಕಿದರು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು.

ಆಮೇಲೆ ಆ ಕೊನೆಯ ಸವಾಲು. "ನಾನು ದೇವರು, ನನ್ನ ಪೂಜಾ ಮಾಡ್ರಿ. ಹಿಂಗ ತನ್ನ ಬಾಯಿಂದ ಅಂದಿದ್ದ ಒಂದ ಸಾಲ. ಒಂದ. ತೋರಸ್ರಿ, ದಪ್ಪ ನಿಮ್ಮ ಕಾಲಿಗೆ ಇಡತೇನಿ."

ಪಾಸ್ಟರ್ ಪುಟ ತಿರುವಿದರು. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಮೈಕಿನಲ್ಲಿ ಪುಟಗಳ ಸಪ್ಪಳ ಕೇಳುತ್ತಿತ್ತು. ಆಮೇಲೆ ಅವರು, "ಪ್ರಾರ್ಥನೆ ಮಾಡೋಣ," ಎಂದು ಕಣ್ಣು ಮುಚ್ಚಿದರು. ಆಮೆನ್ ಆಯಿತು. ಊಟ ಬಡಿಸಿರಿ ಎಂದರು.

ಊಟವಾದ ಮೇಲೆ ಹಣಮವ್ವ ಮತ್ತೆ ಬಂದು ನಿಂತರು. "ಪಾಳಿ ತಿರುಗೂದ ಐತಲ್ರಿ. ಈಗ ನೀವ ಕೇಳ್ರಿ, ನಾ ಹೇಳತೇನಿ."

"ಸಾಕು ಅಕ್ಕಾ. ಆದದ್ದ ಆತು."

"ಆದದ್ದ ಅರ್ಧಾ ರೀ!"

ಮೈಕು ಆರಿಸಿದ್ದರು. ಆ ಮಾತು ಮುಂದಿನ ಎರಡು ಸಾಲಿಗೆ ಮಾತ್ರ ಕೇಳಿಸಿತು.

ಮೂರನೇ ದಿನಕ್ಕೆ ನಾಲ್ಕು ನಿಮಿಷದ ಒಂದು ವಿಡಿಯೊ ಗೋಕಾಕದ ಫೋನ್ ಗುಂಪುಗಳಲ್ಲಿತ್ತು, ಐದನೇ ದಿನಕ್ಕೆ ಹುಕ್ಕೇರಿಯಲ್ಲಿ. ಸಿಳ್ಳೆ, ಕೊನೆಯ ಸವಾಲು, ಪುಟ ತಿರುವುವ ಪಾಸ್ಟರ್. ಮೇಲೆ ಯಾರೋ ಬರೆದಿದ್ದರು: ಯೇಸು ದೇವರಲ್ಲ, ಅವರ ಹೆಣ್ಣುಮಗಳೇ ಒಪ್ಪಿಕೊಂಡಳು. ಚಹಾದಂಗಡಿಯಲ್ಲಿ ಸಭೆಯ ಯುವಕರನ್ನು ಕಂಡರೆ ಫೋನು ಹೊರಗೆ ಬರುತ್ತಿತ್ತು. ಹಣಮವ್ವನಿಗೆ ಶಹಬ್ಬಾಸ್ ಹೇಳಲು ಇಬ್ಬರು ಅಪರಿಚಿತರು ಮನೆಗೇ ಬಂದರು. ಅಂಗಳ ಗುಡಿಸುತ್ತಿದ್ದ ಅವರು ಕಸಬರಿಗೆ ಕೆಳಗಿಡಲಿಲ್ಲ. "ಪೂರಾ ಕೇಳಾಕ ಬಂದೀರೇನು? ಕುಂಡ್ರಿ, ಹಾಡತೇನಿ. ಅರ್ಧಾಕ್ಕ ಬಂದಿದ್ರ ಬಂದ ದಾರಿಲೇ ನಡೀರಿ." ಅವರು ಕೂಡಲಿಲ್ಲ.

ಜನವರಿಯ ಆ ಭಾನುವಾರದ ನಂತರ ಹಣಮವ್ವ ಸಭೆಯಲ್ಲಿ ಹಾಡುವುದೂ ನಿಂತಿತು. ಫೆಬ್ರವರಿಯಿಂದ ಭೋಜನದ ರೊಟ್ಟಿ ಗೋಕಾಕದ ಬೇಕರಿಯಿಂದ ಬಂತು. ಅವರು ಒಂದು ಭಾನುವಾರವೂ ಬಿಡದೆ ಹೋಗಿ, ತಮ್ಮ ಜಾಗದಲ್ಲೇ ಕೂತು, ತಟ್ಟೆ ಬಂದಾಗಲೆಲ್ಲ ಕೈ ಚಾಚಿದರು.

ಫೆಬ್ರವರಿ ಕೊನೆಗೆ, ಗೋಕಾಕದಲ್ಲಿರುವ ಸಭೆಗಳ ಹಿರಿಯರೊಬ್ಬರ ಮನೆಗೆ ಬರುವಂತೆ ಹಣಮವ್ವನಿಗೆ ಕರೆ ಬಂತು. ಮುದಕವ್ವನೂ ಜೊತೆಗೆ ಹೋದರು. ಮೂವರು ಹಿರಿಯರು, ಪಾಸ್ಟರ್, ಮೇಜಿನ ಮೇಲೆ ಒಂದು ಹಾಳೆ. ಪಾಸ್ಟರ್ ಓದಿದರು: ಸಭೆಯ ಮುಂದೆ ತಪ್ಪು ಬೋಧನೆ ಮಾಡಿದ್ದೇನೆ, ಪಶ್ಚಾತ್ತಾಪಪಡುತ್ತೇನೆ, ಕ್ಷಮೆ ಕೇಳುತ್ತೇನೆ. ಸಹಿ ಹಾಕಿದರೆ ಮಾರ್ಚಿನಿಂದಲೇ ಭೋಜನ.

ಹಣಮವ್ವ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಬೆರಳಿಟ್ಟು ಓದಿದರು. ಎರಡು ಸಲ ಓದಿದರು.

"ಯಾವ ವಚನ ತಪ್ಪ ಓದೇನಿ?"

ಹಿರಿಯರು ಪಾಸ್ಟರ್ ಕಡೆ ತಿರುಗಿದರು.

"ತಪ್ಪ ಬೋಧನಿ ಅಂತ ಬರದೀರಿ. ಯಾವುದು? ದೇವರೊಬ್ಬನ ಒಳ್ಳ್ಯಾಂವ ಅನ್ನೂದು ತಪ್ಪೋ, ತಂದಿ ದೊಡ್ಡಾಂವ ಅನ್ನೂದು ತಪ್ಪೋ? ಪುಸ್ತಕದಾಗ ಇಲ್ಲದ್ದ ಒಂದ ಮಾತ ಅಂದಿದ್ರ ಇಲ್ಲಿ ಬರೀರಿ. ಸಹಿ ಅಲ್ಲ, ಹೆಬ್ಬಟ್ಟೂ ಒತ್ತತೇನಿ."

ಹಿರಿಯರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರು. "ವಚನ ತಪ್ಪಲ್ಲವಾ. ನೀ ಕೇಳಿದ್ದ ತಪ್ಪು."

"ಕೇಳ ಅಂದಾವ್ರ ಯಾರು? ಇಲ್ಲೇ ಕುಂತಾರ, ಕೇಳ್ರಿ."

"ಅಕ್ಕಾ, ನಾ ಹೇಳಿದ್ದು ಸಾದಾ ಪ್ರಶ್ನೆ ಕೇಳ್ರಿ ಅಂತ," ಎಂದರು ಪಾಸ್ಟರ್.

"ಸಾದಾ ಅನ್ನಲಿಲ್ಲ. ಪೂರಾ ಅಂದ್ರಿ. ಸಡಿಲ ಸವಾಲ ಹಾಕಿದ್ರ ನಿಮ್ಮನ್ನ ಹುಡುಗ್ರ ಲೆಕ್ಕಕ್ಕ ಹಿಡದಂಗ ಆಗತಿತ್ತು. ಮರ್ಯಾದಿ ಕೊಟ್ಟೆ. ತಪ್ಪಾತೇನು?"

ಆಗ ಎರಡನೇ ಹಿರಿಯರ ಬಾಯಿಂದ ನಿಜವಾದ ದೂರು ಹೊರಬಿತ್ತು. "ಹೆಣಮಗಳಾಗಿ, ನೂರಾರ ಮಂದಿ ಮುಂದ ಪಾಸ್ಟರ್ ಬಾಯಿ ಮುಚ್ಚಸೂದಂದ್ರ? ಅದೂ ಕಟ್ಟಿ ಮ್ಯಾಲ ಹಾಡಿದಾಕಿ?"

ಮುದಕವ್ವ ಹೇಳುವ ಪ್ರಕಾರ ಹಣಮವ್ವನ ದನಿ ಅವರ ಜೀವಮಾನದಲ್ಲೇ ಅಷ್ಟು ಕೆಳಗಿಳಿದಿರಲಿಲ್ಲ. "ಕಲ್ಲ ತಗೋರಿ ಹಂಗಾರ. ಯಾರ ಮೊದಲ?"

ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು ಎದ್ದರು. ಚಹಾ ಬಂದಿತ್ತು, ಮುಟ್ಟಲಿಲ್ಲ. ಗೋಕಾಕ ಬಸ್ ನಿಲ್ದಾಣದಲ್ಲಿ ಮುದಕವ್ವ, "ಒಂದ ಸಹಿ ಹೊಡದ ಬಂದಿದ್ರ ಕಥಿ ಮುಗೀತಿತ್ತಲ್ಲ," ಎಂದಾಗ ಅವರು ಮೂಡಲಗಿಯವರೆಗೂ ಮಾತು ಬಿಟ್ಟರು.

ಆ ವಿಡಿಯೊ ಹುಕ್ಕೇರಿ ದಾಟಿ ಶಿದ್ರಾಮ ಅವರ ಫೋನಿಗೂ ಹೋಗಿತ್ತು. ಅರವತ್ಮೂರು ವರ್ಷ, ನೂರಿಪ್ಪತ್ತು ಕುರಿ, ಮೇಲುದನಿ ಈಗ ಹೋಗಿದೆ. ಹಿಡಕಲ್ ಜಲಾಶಯದ ನೀರು ಇಳಿದ ಮೇಲೆ ತೆರೆದುಕೊಳ್ಳುವ ದಂಡೆಯ ಹುಲ್ಲಿನಲ್ಲಿ ಬೇಸಿಗೆ ಪೂರ್ತಿ ಅವರ ಕುರಿಹಟ್ಟಿ ಇರುತ್ತದೆ. ಅವರ ಮನೆದೇವರು ಬೇರೆ, ಬೈಬಲ್ ಅವರು ಮುಟ್ಟಿದವರಲ್ಲ. ಆದರೆ ವಿಡಿಯೊ ನೋಡಿದ ಸಾವಿರಾರು ಜನರಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಮಾರ್ಚ್ ಮೊದಲ ವಾರ ಫೋನ್ ಮಾಡಿದರು.

"ಏನಬೇ ನಾಗೇಶಿ, ಜೀವಂತ ಇದ್ದೀ?"

"ನಿನ್ನ ಮಣ್ಣಿಗೆ ಬರಾಕ ಇದ್ದೇನಿ. ಏನ ಹೇಳು."

"ಹಾಡಿಕಿ ನೋಡಿದೆ. ಮೊದಲನೇ ಪಾಳಿ ಚಲೋ ಆಗೇತಿ. ಎರಡನೇದ ಎಲ್ಲೈತಿ? ನಂಗ ಯಾರೂ ಕಳಸವಲ್ರು."

ಹಣಮವ್ವ ಫೋನು ಹಿಡಿದುಕೊಂಡೇ ಅತ್ತರು ಎಂದು ಮುದಕವ್ವ ಹೇಳುತ್ತಾರೆ. ಹಣಮವ್ವ ಅದನ್ನು ಒಪ್ಪುವುದಿಲ್ಲ, ನೆಗಡಿಯಾಗಿತ್ತು ಎನ್ನುತ್ತಾರೆ.

ಶಿದ್ರಾಮ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಒಂದು ಪ್ರತಿ ತರಿಸಿಕೊಂಡರು. ಕುರಿ ಮೇಯಿಸುತ್ತ ಆರು ವಾರ ಓದಿದರು. ಸವಾಲು ತಾವು ಹಾಕುವುದು, ಜವಾಬು ಹಣಮವ್ವ ಕೊಡುವುದು, ಈಸ್ಟರ್ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ತಮ್ಮ ಹಟ್ಟಿಯಲ್ಲಿ ಎಂದು ಹೇಳಿ ಕಳಿಸಿದರು. ಹಣಮವ್ವ ಪಾಸ್ಟರನ್ನು ಕರೆಯಲು ತಾವೇ ಹೋದರು.

"ಕುರಿ ಹಟ್ಟ್ಯಾಗ ದೇವರ ವಾಕ್ಯದ ವಾದಾ?" ಎಂದು ಪಾಸ್ಟರ್ ಮುಖ ಕಿವುಚಿದರು.

"ಯೇಸು ಹುಟ್ಟಿದ ಸುದ್ದಿ ದೇವದೂತರು ಮೊದಲ ಯಾರಿಗೆ ಹೇಳಿದ್ರು? ಕುರಿ ಕಾಯಾವ್ರಿಗೋ, ಗೋಕಾಕದ ಹಿರ್ಯಾರಿಗೋ?"

ಪಾಸ್ಟರ್ ಬರಲಿಲ್ಲ. ಒಂದು ಟೆಂಪೊದಲ್ಲಿ ಸಭೆಯ ಹದಿನೇಳು ಜನ ಬಂದರು. ಹಟ್ಟಿಯ ಕಡೆ ಇಪ್ಪತ್ತು ಕುರಿಗಾರರು. ಕಂಬಳಿ ಹಾಸಿದ್ದರು. ಜಾಲಿಯ ನೆರಳು, ಮುಂದೆ ಇಳಿದ ನೀರು.

ಶಿದ್ರಾಮ ಹಣಮವ್ವ ಹಾಕಿದ್ದ ಸವಾಲುಗಳನ್ನೆಲ್ಲ ಹಾಕಿದರು, ಹೆಚ್ಚು ಬಿಗಿಯಾಗಿ. ಕೊನೆಗೆ ತಾವೇ ಹುಡುಕಿದ್ದ ಒಂದನ್ನು ಸೇರಿಸಿದರು. "ಶಿಲುಬಿ ಮ್ಯಾಲ ನನ್ನ ದೇವರೇ, ನನ್ನ ದೇವರೇ, ಯಾಕ ಕೈಬಿಟ್ಟಿ ಅಂತ ಚೀರತಾನಲ್ಲ. ತಾನ ದೇವರಾದ್ರ ಯಾರನ್ನ ಕರದಾ? ಹೇಳ ನಾಗೇಶಿ."

ಇದು ಹಣಮವ್ವ ಎದುರು ನೋಡದೇ ಇದ್ದ ಸವಾಲು.

"ಇದಕ್ಕ ನನ್ನ ಹಂತೇಕ ಜವಾಬಿಲ್ಲ," ಎಂದರು. "ಮಾಳು ಸತ್ತ ದಿನ ನಾನೂ ಹಂಗ ಚೀರೇನಿ. ಅಷ್ಟ ಗೊತ್ತೈತಿ. ಇದ ನಿಂದು, ಬರಕೋ."

ಶಿದ್ರಾಮ ನಗಲಿಲ್ಲ. "ಬರಕೊಂಡೆ. ಇನ್ನ ಮೊದಲಿಂದಕ್ಕ ಬಾ. ನಾ ದೇವರು ಅಂತ ಬಾಯಿಬಿಟ್ಟ ಎಲ್ಲಿ ಅಂದಾನ?"

ಹಣಮವ್ವ ದಪ್ಪು ಕೈಗೆ ತಗೊಂಡರು. ಹಾಡಿನಲ್ಲಿ ಬಂದದ್ದನ್ನು ಇಲ್ಲಿ ಮಾತಿನಲ್ಲಿ ಹೇಳುವುದಾದರೆ ಅವರ ಜವಾಬು ಇಷ್ಟು:

"ಅಮಾಸಿಗೊಮ್ಮಿ ನಮ್ಮೂರಾಗ ಮೂರ ಮಂದಿ ಮೈಮ್ಯಾಲ ದೇವರ ಬರತೈತಿ. ಮೂರೂ ಮಂದಿ ನಾ ದೇವರು ಅಂತಾರ. ಮರದಿವಸ ಬೀಡಿ ಕೇಳಾಕ ಬರತಾರ. ನಾ ದೇವರು ಅನ್ನೂದು ಅಗ್ಗದ ಮಾತು ಶಿದ್ರಾಮಾ, ಯಾರೂ ಅನಬಹುದು. ಅಂವ ಅನ್ನಲಿಲ್ಲ. ಅಂವ ಏನ ಮಾಡಿದಾ? ಶಿಷ್ಯಾರನ್ನ ನಿಲ್ಲಿಸಿ ಕೇಳಿದಾ. ಮಂದಿ ನನ್ನ ಯಾರ ಅಂತಾರ? ಅದ ಇರಲಿ, ನೀವ ನನ್ನ ಯಾರ ಅಂತೀರಿ? ಅದ ಏನದು? ನೀನೂ ನಾನೂ ಹೊಟ್ಟಿ ಹೊರಕೊಂಡದ್ದ ಅದರ ಮ್ಯಾಲ. ಅದು ಸವಾಲು. ಸವಾಲ ಹಾಕಿದಾಂವ ತಾನ ಜವಾಬ ಹಾಡತಾನೇನು? ಹಾಡಿದ್ರ ಅಂವ ಹಾಡುಗಾರನೇನು?"

ಕುರಿಗಾರರು ಹೋ ಎಂದರು. ಅವರು ಮುಂದುವರಿಸಿದರು.

"ಜವಾಬ ಯಾರ ಕೊಟ್ರು? ಅಂವನ ಶಿಷ್ಯಾ ತೋಮಾ ಕೊಟ್ಟಾ. ಸತ್ತಾಂವ ಎದ್ದ ಬಂದಾನ ಅಂದ್ರ ನಂಬೂದಿಲ್ಲ ಅಂದಾಂವ, ಗಾಯ ಮುಟ್ಟಿ ನೋಡತೇನಿ ಅಂದಾಂವ. ಎಂಟ ದಿನದ ಮ್ಯಾಲ ಯೇಸುನ ಮುಂದ ನಿಂತು ಅಂದಾ, ನನ್ನ ಸ್ವಾಮೀ, ನನ್ನ ದೇವರೇ. ಜವಾಬ ತಪ್ಪಿದ್ರ ಸವಾಲ ಹಾಕಿದಾಂವ ಏನ ಮಾಡಬೇಕು? ಕೈ ಎತ್ತಿ ತಡೀಬೇಕು. ಇನ್ನೊಬ್ಬ ಶಿಷ್ಯಾ ಪೇತ್ರ ತಪ್ಪಿದಾಗ ತಡದಾನ. ಒಳ್ಳೆ ಗುರು ಅಂದಾಂವನ್ನೂ ತಡದಾನ. ಎಲ್ಲಾರ್ನೂ ತಡದಾಂವ, ತೋಮಾನ್ನ ತಡದನೇನು? ತಡೀಲಿಲ್ಲ. ಕಂಡು ನಂಬಿದಿ, ಕಾಣದ ನಂಬಾವ್ರು ಧನ್ಯರು ಅಂದಾ. ಜವಾಬು ನಿಂತಿತು. ಈಗ ನಾನೂ ನಿಂತೇನಿ. ತಪ್ಪಿದ್ರ ತಡೀ."

ಶಿದ್ರಾಮ ಕೈ ಎತ್ತಲಿಲ್ಲ. ಆಮೇಲೆ ತಮ್ಮ ದಪ್ಪನ್ನು ಬೋರಲು ಹಾಕಿ ಕಂಬಳಿಯ ಮೇಲಿಟ್ಟರು.

"ಮೇಳದ ಲೆಕ್ಕದಾಗ ಒಪ್ಪಿದೆ," ಎಂದರು. "ಮನಿ ಲೆಕ್ಕದಾಗ ನನ್ನ ದೇವರು ನನಗ. ಒಂದ ನಿಂದು, ಒಂದ ನಂದು. ಊಟಕ್ಕ ಏಳ್ರಿ."

ಬಂದವರಲ್ಲಿ ಒಬ್ಬರು ಇಡೀ ಜವಾಬನ್ನು ಫೋನಿನಲ್ಲಿ ತುಂಬಿಕೊಂಡಿದ್ದರು. ಮೊದಲ ವಿಡಿಯೊ ಹರಿದಾಡಿದ್ದ ಗುಂಪುಗಳಿಗೇ ಸಂಜೆ ಅದನ್ನೂ ಹಾಕಿದರು. ಯಾರೂ ಮುಂದಕ್ಕೆ ಕಳಿಸಲಿಲ್ಲ.

ಮರುದಿನ ಈಸ್ಟರ್. ಹಬ್ಬದ ದಿನವೂ ಭೋಜನವಿರುತ್ತದೆ. ಹಣಮವ್ವ ಎಂದಿನ ಜಾಗದಲ್ಲಿ, ಮುದಕವ್ವನ ಬಲಕ್ಕೆ ಕೂತಿದ್ದರು. ಬೇಕರಿಯ ಬ್ರೆಡ್ಡಿನ ತುಂಡುಗಳಿದ್ದ ತಟ್ಟೆ ಸಾಲಿನುದ್ದಕ್ಕೂ ಬಂತು. ಮುದಕವ್ವನ ಬಳಿಗೆ ಬಂದಾಗ ಅವರು ತೆಗೆದುಕೊಳ್ಳಲಿಲ್ಲ, ಕೈ ಕಟ್ಟಿ ಕೂತರು. ಹಿಂದಿನ ದಿನ ಹಟ್ಟಿಗೆ ಹೋಗಿದ್ದ ಹದಿನೇಳು ಜನರಲ್ಲಿ ನಾಲ್ವರು ಮುದಕವ್ವನಿಗಿಂತ ಮೊದಲೇ ತಟ್ಟೆ ಮುಟ್ಟದೆ ಬಿಟ್ಟಿದ್ದರು ಎಂಬುದು ಪಾಸ್ಟರ್ ಗಮನಕ್ಕೆ ಆಗ ಬಂದಿರಬೇಕು. ಆದರೂ ಹಣಮವ್ವನನ್ನು ದಾಟಲು ಅವರು ಒಂದು ಹೆಜ್ಜೆ ಮುಂದಿಟ್ಟರು. ಹಣಮವ್ವ ಎದ್ದು ತಟ್ಟೆಯ ಅಂಚು ಹಿಡಿದರು.

"ಎರಡ ತಿಂಗಳ ಕೇಳಾಕತ್ತೇನಿ, ಯಾವ ವಚನ ಅಂತ," ಎಂದರು. ಮೂರು ಸಾಲಿನ ಆಚೆಗೆ ಕೇಳಿಸದಷ್ಟು ಸಣ್ಣ ದನಿ. "ಯೇಸು ನನ್ನ ಸ್ವಾಮಿ, ನನ್ನ ದೇವರು. ನಿನ್ನೆ ಹಾಡೇನಿ, ಇವತ್ತ ಹೇಳತೇನಿ. ತಪ್ಪಿದ್ರ ತಡೀರಿ."

ಹಿರಿಯರೊಬ್ಬರು ಅರ್ಧ ಎದ್ದರು. ಪಾಸ್ಟರ್ ಮುಖ ನೋಡಿ, ಹಾಗೆಯೇ ಕೂತರು. ಸ್ತೇಫನ ಶೆಟ್ಟೆಪ್ಪ ಅವರ ಎರಡೂ ಕೈ ತಟ್ಟೆಯ ಮೇಲಿದ್ದವು. ಕೈ ಮೇಲೇಳಲಿಲ್ಲ.

ಹಣಮವ್ವ ಒಂದು ತುಂಡು ತಗೊಂಡು, ಕೂತು, ತಿಂದರು. ಆಮೇಲೆ ಮುದಕವ್ವ ಕೈ ಚಾಚಿದರು.

ಸಹಿ ಕೇಳಿದ್ದ ಹಾಳೆಯ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ. ಕ್ಷಮೆಯ ಮಾತನ್ನೂ ಎತ್ತಿಲ್ಲ, ಆ ಕಡೆಯಿಂದಲೂ, ಈ ಕಡೆಯಿಂದಲೂ. ತಟ್ಟೆ ಈಗ ಹಣಮವ್ವನ ಮುಂದೆ ನಿಲ್ಲುತ್ತದೆ. ರೊಟ್ಟಿ ಮಾತ್ರ ಇಂದಿಗೂ ಬೇಕರಿಯದೇ.

"ಸಪ್ಪಗಿರತೈತಿ," ಎನ್ನುತ್ತಾರೆ ಅವರು, ಹಿಟ್ಟಿನ ಡಬ್ಬಿಯ ಕಡೆ ನೋಡದೆ. "ನಾ ಬಡದದ್ದ ಬೇಕಂದ್ರ, ಮನಿ ಗೊತ್ತೈತಿ. ಬಂದ ಕೇಳ್ಲಿ."